ದ್ವೀಪದಿಂದ ಬಂದ ಜ್ವರದ ವರದಿ: ಸಾಲುಸಾಲಿಗೆ ವ್ಯಾಖ್ಯಾನ

ಪೆಸಿಫಿಕ್ ಸಾಗರದ ಪುಟ್ಟ ದೇಶಗಳಿಂದ ವಾರವಾರವೂ ಕಾಯಿಲೆಗಳ ಒಂದು ಕಿರುವರದಿ ಹೊರಡುತ್ತದೆ. 1996ರಲ್ಲಿ ಪೆಸಿಫಿಕ್ ಸಮುದಾಯ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಅಲ್ಲಿ ಸಾರ್ವಜನಿಕ ಆರೋಗ್ಯದ ಕಣ್ಗಾವಲು ಜಾಲವೊಂದನ್ನು ಕಟ್ಟಿದವು. 2010ರಿಂದ ದ್ವೀಪಗಳ ಆಯ್ದ ಆಸ್ಪತ್ರೆಗಳೂ ಚಿಕಿತ್ಸಾಲಯಗಳೂ ಕೆಲವು ರೋಗಲಕ್ಷಣಗಳನ್ನು ವಾರಕ್ಕೊಮ್ಮೆ ಎಣಿಸಿ ಕಳಿಸುತ್ತಿವೆ. ವರದಿಯ ಭಾಷೆ ಒಣಕಲು. ರೂಢಿಯಿಲ್ಲದವರಿಗೆ ಅದರಲ್ಲಿ ಏನೂ ನಡೆಯುತ್ತಿಲ್ಲ ಎನ್ನಿಸಬಹುದು. ಡೆಂಗಿಯ ಮಟ್ಟಿಗೆ ಮಾತ್ರ, ಒಂದು ಊರಿನ ಮಕ್ಕಳ ಮುಂದಿನ ಕೆಲವು ತಿಂಗಳುಗಳು ಆ ಸಾಲುಗಳಲ್ಲೇ ಅಡಗಿರುತ್ತವೆ.

ಕೆಳಗೆ ಅಂಥ ಎಂಟು ಸಾಲುಗಳಿವೆ. ಯಾವುದೇ ಒಂದು ದೇಶದ ಒಂದು ವಾರದ ವರದಿಯಿಂದ ಎತ್ತಿಕೊಂಡವಲ್ಲ. ಇಂಥ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳನ್ನು ಹಿಡಿದು ನಾನೇ ಬರೆದುಕೊಂಡ ಮಾದರಿ. ವ್ಯಾಖ್ಯಾನದಲ್ಲಿ ಬರುವ ಊರು, ಇಸವಿ, ಅಂಕಿಗಳು ನಿಜವಾಗಿ ನಡೆದದ್ದರವು. ಓದುಗರ ಕಣ್ಣು ಮೊದಲು ಹೋಗುವುದು ಪ್ರಕರಣಗಳ ಸಂಖ್ಯೆಯ ಕಡೆಗೆ. ನನ್ನ ಪಾಲಿಗೆ ವರದಿಯ ಜೀವ ಇರುವುದು ನಾಲ್ಕನೇ ಸಾಲಿನಲ್ಲಿ. ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

“ಈ ವಾರ ದೀರ್ಘ ಜ್ವರದ ಪ್ರಕರಣಗಳು ನಿರೀಕ್ಷಿತ ಮಟ್ಟವನ್ನು ಮೀರಿವೆ.”

ಡೆಂಗಿ ಎಂಬ ಹೆಸರು ಇಲ್ಲಿ ಇನ್ನೂ ಬಂದಿಲ್ಲ. ಪ್ರಯೋಗಾಲಯವಿಲ್ಲದ ದ್ವೀಪದಲ್ಲಿ ಕಾಯಿಲೆಯ ಹೆಸರಿಗಾಗಿ ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಪೆಸಿಫಿಕ್ ಜಾಲ ಮೊದಲಿಗೆ ನಾಲ್ಕು ಲಕ್ಷಣಕೂಟಗಳನ್ನು ಮಾತ್ರ ಎಣಿಸಲು ಹೇಳಿತು: ದದ್ದಿನೊಂದಿಗೆ ಬರುವ ಜ್ವರ, ಭೇದಿ, ಫ್ಲೂ ಥರದ ಕಾಯಿಲೆ, ದೀರ್ಘ ಜ್ವರ. ‘ಡೆಂಗಿಯಂಥ ಕಾಯಿಲೆ’ ಎಂಬ ಕಲಮು ಆಮೇಲೆ ಸೇರಿತು. ದೀರ್ಘ ಜ್ವರ ಎಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲ್ಪಟ್ಟ ಕಾವು ಮೂರು ದಿನ ಅಥವಾ ಹೆಚ್ಚು ಕಾಲ ಇರುವುದು. ಥರ್ಮಾಮೀಟರ್, ಒಂದು ರಿಜಿಸ್ಟರ್, ಎಣಿಸುವ ತಾಳ್ಮೆಯಿರುವ ಒಬ್ಬ ನರ್ಸ್ ಇದ್ದರೆ ಸಾಕು.

‘ನಿರೀಕ್ಷಿತ ಮಟ್ಟ’ ಎಂಬುದು ಹಿಂದಿನ ವರ್ಷಗಳ ಲೆಕ್ಕದಿಂದ ಬರುತ್ತದೆ. ವಾರಕ್ಕೆ ಇಬ್ಬರು ಜ್ವರದವರು ಬರುವ ಚಿಕಿತ್ಸಾಲಯಕ್ಕೆ ಆರು ಮಂದಿ ಬಂದರೆ ಅದು ಸುದ್ದಿ. ಕೊಲಂಬೊದಂಥ ನಗರದಲ್ಲಿ ಅಷ್ಟು ಸಣ್ಣ ಏರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಣ್ಣ ಊರಿನ ಲೆಕ್ಕಕ್ಕೆ ಈ ಚುರುಕುತನವೂ ಇದೆ, ತಪ್ಪು ಎಚ್ಚರಿಕೆಯ ಅಪಾಯವೂ ಇದೆ.

ಕಾಲದ ಲೆಕ್ಕವನ್ನೂ ಇಲ್ಲೇ ಹಾಕಿಬಿಡೋಣ. ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು 4ರಿಂದ 10 ದಿನ. ‘ದೀರ್ಘ’ ಎನ್ನಿಸಿಕೊಳ್ಳಲು ಇನ್ನೂ ಮೂರು. ವಾರದ ಕೊನೆಗೆ ಎಣಿಕೆ, ಆಮೇಲೆ ವರದಿ. ಅಷ್ಟರಲ್ಲಿ ಅದೇ ರೋಗಿಗಳನ್ನು ಕಚ್ಚಿದ ಹೊಸ ಸೊಳ್ಳೆಗಳ ಮೈಯಲ್ಲಿ ವೈರಸ್ ಬೆಳೆಯುತ್ತಿರುತ್ತದೆ. ಅದಕ್ಕೆ ಬೇಕಾದದ್ದು 8ರಿಂದ 12 ದಿನ. ಹೀಗೆ ಈ ಸಾಲು ಅಚ್ಚಾಗುವ ಹೊತ್ತಿಗೆ ಎರಡನೇ ಸುತ್ತಿನ ಸೋಂಕು ಶುರುವಾಗಿಯೇ ಇರುತ್ತದೆ. ‘ಈ ವಾರ’ ಎಂದು ಬರೆದಿದ್ದರೂ ನಾವು ಓದುತ್ತಿರುವುದು ಎರಡು ಮೂರು ವಾರ ಹಿಂದಿನ ಸಂಗತಿಯನ್ನು.

“ವರದಿ ಸಲ್ಲಿಸಬೇಕಾದ ಕೇಂದ್ರಗಳಲ್ಲಿ ಕೆಲವು ಈ ವಾರ ಸಲ್ಲಿಸಿಲ್ಲ.”

ಹೆಚ್ಚಿನವರು ಓದದೆ ದಾಟುವ ಸಾಲು. ಕಿರಿಬಾಟಿ ದೇಶವನ್ನು ತೆಗೆದುಕೊಳ್ಳಿ. 33 ದ್ವೀಪಗಳು, ಒಟ್ಟು ನೆಲ 811 ಚದರ ಕಿಲೋಮೀಟರ್, ಅದು ಹರಡಿಕೊಂಡಿರುವ ಸಾಗರ ಸುಮಾರು 35 ಲಕ್ಷ ಚದರ ಕಿಲೋಮೀಟರ್. ರಾಜಧಾನಿ ತರಾವಾದಿಂದ ಅದೇ ದೇಶದ ಕಿರಿಟಿಮಾಟಿ ದ್ವೀಪಕ್ಕೆ 3,000 ಕಿಲೋಮೀಟರಿಗೂ ಹೆಚ್ಚು ದೂರ. ಅಂಥ ಕಡೆ ಒಂದು ವಾರ ರೇಡಿಯೊ ಕೆಟ್ಟರೆ, ನರ್ಸ್ ರಜೆಯ ಮೇಲೆ ಹೋದರೆ, ಚಂಡಮಾರುತ ಬೀಸಿದರೆ ಲೆಕ್ಕ ನಿಂತುಹೋಗುತ್ತದೆ. ಜ್ವರವೇನೂ ನಿಲ್ಲುವುದಿಲ್ಲ.

ಒಳ್ಳೆಯ ವರದಿ ‘ಸೊನ್ನೆ ಪ್ರಕರಣ’ ಎಂಬುದನ್ನೂ ‘ವರದಿ ಬಂದಿಲ್ಲ’ ಎಂಬುದನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಎರಡನ್ನೂ ಒಂದೇ ಖಾಲಿ ಚೌಕದಲ್ಲಿ ಬಿಟ್ಟ ನಕ್ಷೆಯನ್ನು ನಾನು ನಂಬುವುದಿಲ್ಲ. ರೋಗ ಹೆಚ್ಚಾದ ವಾರದಲ್ಲೇ ಸಿಬ್ಬಂದಿಗೆ ಬರೆಯಲು ಪುರುಸೊತ್ತು ಇರದೆ ವರದಿ ತಪ್ಪುವುದೂ ಉಂಟು. ಖಾಲಿ ಚೌಕವೇ ಎಲ್ಲಕ್ಕಿಂತ ಕೆಟ್ಟ ಸುದ್ದಿಯಾಗಿರಬಹುದು.

“ಶಂಕಿತರಲ್ಲಿ ಕೆಲವರಿಗೆ ಕ್ಷಿಪ್ರ ಪರೀಕ್ಷೆಯಲ್ಲಿ ಡೆಂಗಿ ಕಂಡುಬಂದಿದೆ, ಮಾದರಿಗಳನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಲಾಗಿದೆ.”

ಕ್ಷಿಪ್ರ ಪರೀಕ್ಷೆ ಎಂದರೆ ನಮ್ಮ ಊರುಗಳಲ್ಲೂ ಮಾಡುವ ಎನ್‌ಎಸ್1 ಪಟ್ಟಿ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನ ಪ್ರೋಟೀನನ್ನು ಹಿಡಿಯುತ್ತದೆ. ಐದು ದಿನ ಕಳೆದ ಮೇಲೆ ಐಜಿಎಂ ಪ್ರತಿಕಾಯವನ್ನು ನೋಡಬೇಕು. ಆದರೆ ಆ ಪ್ರತಿಕಾಯ ಪರೀಕ್ಷೆ ಡೆಂಗಿಯ ದಾಯಾದಿ ವೈರಸ್ಸುಗಳಿಗೂ ಹೌದು ಎಂದುಬಿಡುತ್ತದೆ. ಇದರ ಪಾಠ ಸಿಕ್ಕಿದ್ದು ಮೈಕ್ರೊನೇಷ್ಯಾದ ಯಾಪ್ ದ್ವೀಪದಲ್ಲಿ, 2007ರಲ್ಲಿ. ಅಲ್ಲಿನ ವೈದ್ಯರು ದದ್ದು, ಕೆಂಗಣ್ಣು, ಕೀಲುನೋವಿನ ರೋಗಿಗಳನ್ನು ಕಂಡರು. ಕೆಲವರಿಗೆ ಡೆಂಗಿಯ ಪರೀಕ್ಷೆ ಪಾಸಿಟಿವ್ ಬಂತು. ಆದರೂ ಇದು ತಾವು ಕಂಡ ಡೆಂಗಿಯ ಹಾಗಿಲ್ಲ ಎಂದು ವೈದ್ಯರಿಗೆ ಅನ್ನಿಸಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಪ್ರಯೋಗಾಲಯದಲ್ಲಿ ನೋಡಿದಾಗ ಸಿಕ್ಕಿದ್ದು ಡೆಂಗಿಯ ದಾಯಾದಿಯಾದ ಝೀಕಾ ವೈರಸ್. ಆಫ್ರಿಕಾ, ಏಷ್ಯಾಗಳ ಹೊರಗೆ ಅದು ಏಕಾಏಕಿ ಹರಡಿದ್ದು ಅದೇ ಮೊದಲು. ದ್ವೀಪದ 3 ವರ್ಷ ಮೇಲ್ಪಟ್ಟವರಲ್ಲಿ ಶೇಕಡ 73ರಷ್ಟು ಮಂದಿಗೆ ಅದು ತಗಲಿತ್ತೆಂದು ಆಮೇಲೆ ಅಂದಾಜು ಮಾಡಿದರು. ಪರೀಕ್ಷೆಯ ಪಟ್ಟಿಗಿಂತ ರೋಗಿಯ ಮುಖ ನೋಡಿದವರ ಅನುಮಾನಕ್ಕೆ ಬೆಲೆ ಕೊಟ್ಟದ್ದರಿಂದ ತಿಳಿದ ವಿಷಯ ಇದು.

ಹೊರದೇಶದ ಪ್ರಯೋಗಾಲಯ ಎಂದರೆ ತಾಹಿತಿಯ ಲೂಯಿ ಮಲಾರ್ದೆ ಸಂಸ್ಥೆ, ನ್ಯೂ ಕ್ಯಾಲೆಡೋನಿಯಾದ ಪಾಶ್ಚರ್ ಸಂಸ್ಥೆ, ಇಲ್ಲವೇ ನ್ಯೂಜಿಲೆಂಡ್, ಆಸ್ಟ್ರೇಲಿಯಾ. ರಕ್ತದ ಮಾದರಿಯನ್ನು ಅಲ್ಲಿಯವರೆಗೂ ಹಿಮದಲ್ಲಿಟ್ಟು ಒಯ್ಯುವುದು ದುಬಾರಿ. ವಿಮಾನ ವಾರಕ್ಕೊಂದೋ ಎರಡೋ. ತಾಹಿತಿಯ ವಿಜ್ಞಾನಿಗಳು ಇದಕ್ಕೊಂದು ಸರಳ ದಾರಿಯನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು: ರಕ್ತವನ್ನೋ ಸೀರಮ್ಮನ್ನೋ ಸೋಸುಕಾಗದದ ಮೇಲೆ ಹನಿಸಿ, ಒಣಗಿಸಿ, ಲಕೋಟೆಯಲ್ಲಿ ಕಳಿಸುವುದು. ಒಣಗಿದ ಕಲೆಯಿಂದಲೂ ವೈರಸ್ಸಿನ ಬಗೆಯನ್ನು ಗುರುತಿಸಬಹುದು. ಇಷ್ಟು ಅಗ್ಗದ ಉಪಾಯಕ್ಕೆ ಇನ್ನೂ ಹೆಚ್ಚು ಮರ್ಯಾದೆ ಸಿಗಬೇಕಿತ್ತು.

“ಹರಡುತ್ತಿರುವುದು ಡೆಂಗಿ ವೈರಸ್ಸಿನ ಎರಡನೇ ಬಗೆ.”

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ದ್ವೀಪಗಳಿಗೂ ಈ ನಾಲ್ಕಕ್ಕೂ ಇರುವ ನಂಟು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದ ಸೈನಿಕರು ಸಾಲುಸಾಲಾಗಿ ಡೆಂಗಿಗೆ ಮಲಗಿದಾಗ ಅಮೆರಿಕದ ಆಲ್ಬರ್ಟ್ ಸಾಬಿನ್ ಎರಡು ಬೇರೆ ಬೇರೆ ವೈರಸ್ಸುಗಳನ್ನು ಗುರುತಿಸಿದರು. ಪ್ರಯೋಗಾಲಯಗಳು ಇಂದಿಗೂ ಮಾದರಿಯಾಗಿ ಇಟ್ಟುಕೊಂಡಿರುವ ಒಂದನೇ ಬಗೆಯ ತಳಿಯ ಹೆಸರು ‘ಹವಾಯಿ’, ಎರಡನೆಯದರ ಹೆಸರು ‘ನ್ಯೂಗಿನಿ ಸಿ’. ಮೂರನೆಯದೂ ನಾಲ್ಕನೆಯದೂ 1956ರಲ್ಲಿ ಫಿಲಿಪೀನ್ಸಿನಲ್ಲಿ ಸಿಕ್ಕವು. ನಾಲ್ಕು ಮಾದರಿ ತಳಿಗಳೂ ದ್ವೀಪಗಳಿಂದ ಬಂದವು.

ಒಮ್ಮೆ ಒಂದು ಬಗೆ ತಗಲಿದರೆ ಆ ಬಗೆಯಿಂದ ಜೀವಮಾನವಿಡೀ ರಕ್ಷಣೆ. ಉಳಿದ ಮೂರರಿಂದ ಸಿಗುವುದು ಕೆಲವೇ ತಿಂಗಳ ರಕ್ಷಣೆ. ಆಮೇಲೆ ಇನ್ನೊಂದು ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕೊಲ್ಲಲಾರವು. ಬೇರೆ ಬೀಗದೊಳಕ್ಕೆ ತೂರಿ ಸಿಕ್ಕಿಕೊಂಡ ಕೀಲಿಯ ಹಾಗೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹಾಗೆ ಅಂಟಿಕೊಂಡ ಜೋಡಿಯನ್ನು ರಕ್ತದ ಬಿಳಿಕಣಗಳು ತಾವಾಗಿ ಒಳಕ್ಕೆ ಎಳೆದುಕೊಳ್ಳುತ್ತವೆ, ವೈರಸ್ ಅಲ್ಲೇ ಬೆಳೆಯುತ್ತದೆ. 1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳನ್ನು ನೋಡುತ್ತಿದ್ದ ಸ್ಕಾಟ್ ಹಾಲ್ಸ್ಟೆಡ್ ಈ ವಿವರಣೆಯ ಕಡೆಗೆ ಬೆರಳು ತೋರಿಸಿದರು. ಬಹಳ ಮಂದಿ ಒಪ್ಪಲಿಲ್ಲ. ಪುರಾವೆ ಒದಗಿಸಿದ್ದು ಒಂದು ದ್ವೀಪರಾಷ್ಟ್ರ, ಕ್ಯೂಬಾ.

1977ರಲ್ಲಿ ಕ್ಯೂಬಾದಲ್ಲಿ ಒಂದನೇ ಬಗೆ ಹರಡಿ ದೇಶದ ಸುಮಾರು ಅರ್ಧದಷ್ಟು ಜನಕ್ಕೆ ತಗಲಿತು. ಕಾಯಿಲೆ ಸೌಮ್ಯವಾಗಿತ್ತು. 1981ರಲ್ಲಿ ಎರಡನೇ ಬಗೆ ಬಂತು. ಕೆಲವೇ ತಿಂಗಳಲ್ಲಿ 3,44,203 ಪ್ರಕರಣ, 10,312 ತೀವ್ರ ರೋಗಿಗಳು, 158 ಸಾವು. ಸತ್ತವರಲ್ಲಿ 101 ಮಂದಿ ಮಕ್ಕಳು. ಕ್ಯೂಬಾ ಸೊಳ್ಳೆಯ ಮೇಲೆ ಮುಗಿಬಿದ್ದು ಆ ಹರಡುವಿಕೆಯನ್ನು ನಿಲ್ಲಿಸಿತು. 1997ರಲ್ಲಿ ಸ್ಯಾಂಟಿಯಾಗೊ ದೆ ಕ್ಯೂಬಾ ನಗರಕ್ಕೆ ಎರಡನೇ ಬಗೆ ಮತ್ತೆ ಬಂದಾಗ ತೀವ್ರ ಡೆಂಗಿ ಕಾಣಿಸಿಕೊಂಡದ್ದು ವಯಸ್ಕರಲ್ಲಿ. 1977ರ ಹರಡುವಿಕೆ ಮುಗಿದ ಮೇಲೆ ಹುಟ್ಟಿದ ಮಕ್ಕಳಿಗೆ ಒಂದನೇ ಬಗೆ ತಗಲಿಯೇ ಇರಲಿಲ್ಲ, ಅವರು ಪಾರಾದರು. ಇಪ್ಪತ್ತು ವರ್ಷ ಹಳೆಯ ಜ್ವರದ ಗುರುತು ತಂದೆತಾಯಂದಿರ ರಕ್ತದಲ್ಲಿತ್ತು. ಎರಡು ಸೋಂಕುಗಳ ನಡುವಿನ ಅಂತರ ಹೆಚ್ಚಾದಷ್ಟೂ ಅಪಾಯ ಕಡಿಮೆಯಾಗಬೇಕಲ್ಲವೇ? ಅಲ್ಲಿನ ಪೆಡ್ರೊ ಕೌರಿ ಸಂಸ್ಥೆಯ ಮರಿಯಾ ಗ್ವಾಡಲೂಪೆ ಗುಜ್ಮಾನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ನಾಲ್ಕು ವರ್ಷದ ಅಂತರಕ್ಕಿಂತ ಇಪ್ಪತ್ತು ವರ್ಷದ ಅಂತರವೇ ಹೆಚ್ಚು ಕ್ರೂರವಾಗಿತ್ತೆಂದು ಕಂಡುಬಂತು. ದೊಡ್ಡ ಭೂಖಂಡದ ನಗರದಲ್ಲಿ ನಾಲ್ಕೂ ಬಗೆಗಳು ಸದಾ ಕಲಸಿಕೊಂಡಿರುವುದರಿಂದ ಇಷ್ಟು ನಿಚ್ಚಳವಾದ ಕಥೆ ಸಿಗುವುದಿಲ್ಲ.

‘ಎರಡನೇ ಬಗೆ’ ಎಂಬ ಈ ಒಂದು ಸಾಲನ್ನು ಒಂಟಿಯಾಗಿ ಓದಿದರೆ ಪ್ರಯೋಜನವಿಲ್ಲ. ಇದಕ್ಕೆ ಮುಂಚೆ ಈ ದ್ವೀಪಕ್ಕೆ ಯಾವ ಬಗೆ ಬಂದಿತ್ತು, ಯಾವಾಗ ಬಂದಿತ್ತು, ಆಗ ಯಾರು ಹುಟ್ಟಿದ್ದರು ಎಂದು ಕೇಳಬೇಕು. ದಕ್ಷಿಣ ಪೆಸಿಫಿಕ್ಕಿನಲ್ಲಿ ಮೂರನೇ ಬಗೆ 18 ವರ್ಷ ಕಾಣದೆಯೇ ಇದ್ದು 2013ರಲ್ಲಿ ಸೊಲೊಮನ್ ದ್ವೀಪಗಳಿಗೆ ಮರಳಿತು. ಅಷ್ಟು ಹೊತ್ತಿಗೆ 18 ವರ್ಷದೊಳಗಿನ ಯಾರಿಗೂ ಅದರ ಪರಿಚಯವಿರಲಿಲ್ಲ. ವರ್ಷದ ಕೊನೆಗೆ ಅದು ಫಿಜಿಗೆ ದಾಟಿ, 2014ರಲ್ಲಿ ಅಲ್ಲಿ 25 ಸಾವಿರಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು. ಹಿಂದಿನ ಬಗೆಗಳ ದಾಖಲೆ ಇಟ್ಟುಕೊಂಡಿದ್ದ ದೇಶ ಮಕ್ಕಳ ವಾರ್ಡಿಗೆ ಮೊದಲೇ ಹಾಸಿಗೆ ಹೊಂದಿಸಬಹುದು.

ಲಸಿಕೆಯ ವಿಷಯವೂ ಈ ಸಾಲಿಗೇ ಸೇರುತ್ತದೆ. 2016ರಲ್ಲಿ ಫಿಲಿಪೀನ್ಸ್ ಸರ್ಕಾರ ಶಾಲಾಮಕ್ಕಳಿಗೆ ಡೆಂಗ್ವ್ಯಾಕ್ಸಿಯಾ ಲಸಿಕೆ ಹಾಕಲು ಹೊರಟು, 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿತು. ಹಿಂದೆ ಡೆಂಗಿ ಬಂದಿಲ್ಲದವರಿಗೆ ಈ ಲಸಿಕೆ ಮುಂದಿನ ಸೋಂಕನ್ನು ತೀವ್ರಗೊಳಿಸಬಹುದೆಂದು 2017ರ ನವೆಂಬರಿನಲ್ಲಿ ತಯಾರಕರೇ ತಿಳಿಸಿದರು. ಮೊದಲು ರಕ್ತಪರೀಕ್ಷೆ, ಆಮೇಲೆ ಲಸಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅಷ್ಟರಲ್ಲಿ ಫಿಲಿಪೀನ್ಸಿನ ತಾಯಂದಿರಿಗೆ ಬೇರೆ ಲಸಿಕೆಗಳ ಮೇಲಿನ ನಂಬಿಕೆಯೂ ಅಲುಗಾಡಿತ್ತು. ಮಗುವಿನ ಮೈ ಹಿಂದೆ ಯಾವ ಜ್ವರ ಕಂಡಿತ್ತು ಎಂಬುದನ್ನು ಮೊದಲೇ ಕೇಳದೆ ಹೋದದ್ದಕ್ಕೆ ತೆತ್ತ ಬೆಲೆ ಅದು.

“ಸೋಂಕಿತರಲ್ಲಿ ಕೆಲವರು ಇತ್ತೀಚೆಗೆ ನೆರೆಯ ದೇಶದಿಂದ ಬಂದವರು.”

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಮನೆಯಿಂದ ಕೆಲವು ನೂರು ಮೀಟರಿಗಿಂತ ಆಚೆ ಹೋಗುವುದು ಅಪರೂಪ. ಸಮುದ್ರ ದಾಟಿಸುವುದು ಮನುಷ್ಯ: ಮದುವೆಗೆ ಹೋಗಿ ಬಂದವರು, ರಗ್ಬಿ ಆಟಗಾರರು, ಚರ್ಚಿನ ಸಭೆಗೆ ಹೊರಟವರು, ಹಣ್ಣು ಕೀಳಲು ಹೋದ ಕೂಲಿಗಳು. ನ್ಯೂಜಿಲೆಂಡಿನಲ್ಲಿ ಡೆಂಗಿ ಹರಡಿಸುವ ಸೊಳ್ಳೆ ನೆಲೆಸಿಲ್ಲ. ಅಲ್ಲಿ ಸಿಗುವ ಪ್ರತಿ ಡೆಂಗಿ ರೋಗಿಯೂ ಹೊರಗಿಂದ ಬಂದವರೇ. ಆದ್ದರಿಂದ ಆಕ್ಲೆಂಡಿನ ಆಸ್ಪತ್ರೆಯ ಪಟ್ಟಿ ಕೆಲವೊಮ್ಮೆ ದ್ವೀಪದ ವರದಿಗಿಂತ ಮೊದಲೇ ಸುಳಿವು ಕೊಡುತ್ತದೆ.

2019ರಲ್ಲಿ ಮಾರ್ಷಲ್ ದ್ವೀಪಗಳ ಈಬಾಯ್‌ನಲ್ಲಿ ಮೂರನೇ ಬಗೆ ಕಾಣಿಸಿಕೊಂಡಿತು. ಅರ್ಧ ಚದರ ಕಿಲೋಮೀಟರೂ ಇಲ್ಲದ ನೆಲದಲ್ಲಿ ಸುಮಾರು ಹತ್ತು ಸಾವಿರ ಜನ ವಾಸಿಸುವ ಜಾಗ ಅದು. ಸರ್ಕಾರ ಆರೋಗ್ಯ ತುರ್ತುಸ್ಥಿತಿ ಸಾರಿ, ಅಲ್ಲಿಂದ ದೂರದ ಸಣ್ಣ ದ್ವೀಪಗಳಿಗೆ ಪ್ರಯಾಣವನ್ನು ನಿರ್ಬಂಧಿಸಿತು. ಆ ದ್ವೀಪಗಳಲ್ಲಿ ರಕ್ತ ಕೊಡುವ ವ್ಯವಸ್ಥೆಯಿಲ್ಲ, ಡ್ರಿಪ್ ಹಾಕುವವರು ಸಿಗುವುದೂ ಕಷ್ಟ. ದೋಣಿ ನಿಲ್ಲಿಸುವುದು ಕಠಿಣ ನಿರ್ಧಾರ. ಅಕ್ಕಿ, ಹಿಟ್ಟು ಬರುವುದೂ ಅದೇ ದೋಣಿಯಲ್ಲಿ. ಆದರೂ ಅದು ಸರಿಯಾದ ನಿರ್ಧಾರ ಎಂದೇ ನನಗೆ ಅನ್ನಿಸುತ್ತದೆ.

“ಮನೆಮನೆ ಸಮೀಕ್ಷೆಯಲ್ಲಿ ನೀರು ನಿಂತ ಪಾತ್ರೆಗಳಲ್ಲಿ ಲಾರ್ವಾ ಕಂಡುಬಂದಿದೆ.”

ನಮಗೆ ಪರಿಚಿತವಾದ ಸಾಲು. ಕರ್ನಾಟಕದಲ್ಲಿ ಆಶಾ ಕಾರ್ಯಕರ್ತೆಯರು ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆಗೆ ಟಾರ್ಚ್ ಬಿಟ್ಟು ನೋಡುವುದು ಇದನ್ನೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಿಸಿದವರಿಗೆ ದಂಡವನ್ನೂ ಗೊತ್ತುಮಾಡಿತು. ದ್ವೀಪಗಳಲ್ಲಿ ಪಾತ್ರೆಗಳ ಪಟ್ಟಿ ಬೇರೆ. ಹವಳದ ದ್ವೀಪಗಳಲ್ಲಿ ನದಿಯಿಲ್ಲ, ಬಾವಿಯ ನೀರು ಉಪ್ಪು. ಮಳೆನೀರಿನ ತೊಟ್ಟಿಯೇ ಜೀವಾಧಾರ. ಅದನ್ನು ಬೋರಲು ಹಾಕಿ ಎಂದು ಹೇಳುವಂತಿಲ್ಲ, ಜಾಲರಿ ಕಟ್ಟಿ ಎನ್ನಬಹುದು. ಪಾಲಿನೇಷ್ಯಾದಲ್ಲಿ ಈಡಿಸ್ ಪಾಲಿನೇಸಿಯೆನ್ಸಿಸ್ ಎಂಬ ಸ್ಥಳೀಯ ಸೊಳ್ಳೆಯೂ ಡೆಂಗಿ ಒಯ್ಯುತ್ತದೆ. ಇಲಿ ಕೊರೆದ ತೆಂಗಿನಕಾಯಿ, ಮರದ ಪೊಟರೆ, ಏಡಿಯ ಬಿಲ ಅದರ ಮನೆ. ಮನೆಯಂಗಳ ಗುಡಿಸಿದರೆ ಅದು ಹೋಗುವುದಿಲ್ಲ.

ಲಾರ್ವಾ ಕಡಿಮೆಯಿದ್ದರೆ ಡೆಂಗಿ ಕಡಿಮೆ ಎಂಬ ಲೆಕ್ಕವೂ ನೇರವಾಗಿಲ್ಲ. ಸಿಂಗಪುರ 1970ರ ದಶಕದಲ್ಲಿ ಲಾರ್ವಾ ಇರುವ ಮನೆಗಳನ್ನು ನೂರಕ್ಕೆ ಒಂದೆರಡಕ್ಕೆ ಇಳಿಸಿತು, ಸುಮಾರು ಹದಿನೈದು ವರ್ಷ ನೆಮ್ಮದಿಯಾಗಿತ್ತು. ಆ ಅವಧಿಯಲ್ಲಿ ಬೆಳೆದ ಒಂದು ಪೀಳಿಗೆಗೆ ಡೆಂಗಿಯ ರೋಗನಿರೋಧಕತೆ ಇರಲೇ ಇಲ್ಲ. 1990ರ ದಶಕದಲ್ಲಿ ಅಷ್ಟೇ ಕಡಿಮೆ ಸೊಳ್ಳೆಗಳ ನಡುವೆಯೂ ಜ್ವರ ಮರಳಿತು. 2020ರಲ್ಲಿ ಪ್ರಕರಣಗಳು 35 ಸಾವಿರ ದಾಟಿದವು.

“ತೀವ್ರ ಡೆಂಗಿಯಿಂದ ಸಾವುಗಳು ವರದಿಯಾಗಿವೆ.”

ಪ್ರಕರಣಗಳ ಸಂಖ್ಯೆ ವೈರಸ್ಸಿನ ಕಥೆ ಹೇಳುತ್ತದೆ; ಸಾವಿನ ಸಂಖ್ಯೆ ಆಸ್ಪತ್ರೆಯದು. ಶ್ರೀಲಂಕಾದ ಎರಡು ವರ್ಷಗಳನ್ನು ಪಕ್ಕಪಕ್ಕ ಇಡಿ. 2009ರಲ್ಲಿ ಸುಮಾರು 35 ಸಾವಿರ ಪ್ರಕರಣ, 346 ಸಾವು. 2017ರಲ್ಲಿ 1 ಲಕ್ಷ 86 ಸಾವಿರ ಪ್ರಕರಣ, 440 ಸಾವು. ಪ್ರಕರಣಗಳು ಐದು ಪಟ್ಟು ಮೀರಿ ಹೆಚ್ಚಿದವು. ನೂರು ರೋಗಿಗಳಿಗೆ ಒಂದರಂತಿದ್ದ ಸಾವು ನಾಲ್ಕುನೂರಕ್ಕೆ ಒಂದರ ಹತ್ತಿರ ಇಳಿಯಿತು. 2017ರಲ್ಲೂ ಅಲ್ಲಿ ಬಗೆ ಬದಲಾಗಿತ್ತು: ಹಲವು ವರ್ಷ ಒಂದನೆಯದೇ ಮೇಲುಗೈಯಾಗಿದ್ದ ಕಡೆ ಎರಡನೆಯದು ಹಬ್ಬಿತ್ತು. ಅಂಥ ವರ್ಷದಲ್ಲೂ ಸಾವಿನ ಪ್ರಮಾಣ ಇಳಿದದ್ದಕ್ಕೆ ಕಾರಣ ವಾರ್ಡಿನ ಶಿಸ್ತು. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರರಿಂದ ಏಳನೇ ದಿನದ ನಡುವೆ ರಕ್ತನಾಳದಿಂದ ದ್ರವ ಸೋರತೊಡಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಪರು ಕಂಡ ಕೂಡಲೇ ರೋಗಿಯನ್ನು ಗಂಟೆಗಂಟೆಗೂ ನೋಡಬೇಕು, ದ್ರವವನ್ನು ಅಳೆದು ಕೊಡಬೇಕು. ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ನಮ್ಮ ಮನೆಗಳಲ್ಲಿ ಎಲ್ಲರೂ ಕೇಳುವುದು ಪ್ಲೇಟ್ಲೆಟ್ ಎಷ್ಟು ಎಂದು. ವಾರ್ಡಿನ ಅನುಭವಿ ನರ್ಸುಗಳು ಅದರ ಜೊತೆಗೆ ನೋಡುವುದು ನಾಡಿ, ರಕ್ತದ ಗಟ್ಟಿತನ, ಮೂತ್ರದ ಪ್ರಮಾಣ.

“ಕಳೆದ ಕೆಲವು ವಾರಗಳಿಂದ ಪ್ರಕರಣಗಳು ಇಳಿಯುತ್ತಿವೆ.”

ಇಳಿಕೆಗೆ ಬೇರೆ ಬೇರೆ ಅರ್ಥಗಳಿರಬಹುದು. ಪರೀಕ್ಷೆಯ ಕಿಟ್ ಮುಗಿದಿರಬಹುದು. ಒಣಹವೆ ಬಂದಿರಬಹುದು, ಆದರೂ ಈಡಿಸ್ ಮೊಟ್ಟೆ ಒಣ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಸಣ್ಣ ದ್ವೀಪದಲ್ಲಾದರೆ, ತಗಲಬಹುದಾದ ಜನ ಮುಗಿದು ವೈರಸ್ಸೇ ಬರಿದಾಗಿರಬಹುದು. ಪೆಸಿಫಿಕ್ಕಿನಲ್ಲಿ ಬಗೆಗಳು ಒಂದಾದ ಮೇಲೊಂದು ಬಂದು ಹೋಗುವುದಕ್ಕೆ ಕಾರಣ ಇದು. ಈಗ ಕೆಲವು ಕಡೆ ಇನ್ನೊಂದು ಕಾರಣವೂ ಸೇರಿದೆ: ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊತ್ತ ಸೊಳ್ಳೆಗಳನ್ನು ಬಿಟ್ಟು, ಅವುಗಳ ಸಂತತಿಯಲ್ಲಿ ಡೆಂಗಿ ವೈರಸ್ ಬೆಳೆಯದಂತೆ ಮಾಡುವ ಕೆಲಸ. ಫಿಜಿ, ವನುವಾಟು, ಕಿರಿಬಾಟಿಗಳಲ್ಲಿ ಬಿಟ್ಟಿದ್ದಾರೆ. ಜಾವಾ ದ್ವೀಪದ ಯೋಗ್ಯಕರ್ತಾ ನಗರದಲ್ಲಿ ನಡೆದ ಪ್ರಯೋಗದಲ್ಲಿ ಡೆಂಗಿ ಶೇಕಡ 77ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು.

ಇಳಿಕೆಯ ಸಾಲು ಬಂದ ವಾರ ಪತ್ರಿಕೆಗಳು ಸುಮ್ಮನಾಗುತ್ತವೆ, ಅನುದಾನವೂ ನಿಲ್ಲುತ್ತದೆ. ನಾಲ್ಕನೇ ಸಾಲನ್ನು ದಾಖಲೆಗೆ ಸೇರಿಸಲು ಸರಿಯಾದ ಸಮಯ ಇದೇ: ಯಾವ ಬಗೆ, ಯಾವ ವಯಸ್ಸಿನವರಿಗೆ, ಯಾವ ದ್ವೀಪದಲ್ಲಿ, ಯಾವ ತಿಂಗಳವರೆಗೆ. 2025ರಲ್ಲಿ ಸಮೋವಾದಲ್ಲೂ ಕುಕ್ ದ್ವೀಪಗಳಲ್ಲೂ ಹರಡಿದ್ದು ಒಂದನೇ ಬಗೆ; ಸಮೋವಾದಲ್ಲಿ ಸತ್ತವರಲ್ಲಿ ಮಕ್ಕಳಿದ್ದರು. ಅದೇ ವರ್ಷ ಟೊಂಗಾದಲ್ಲಿ ಹರಡಿದ್ದು ಎರಡನೇ ಬಗೆ. ಈ ದೇಶಗಳ ಕುಟುಂಬಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಓಡಾಟ ನಿಲ್ಲುವುದಿಲ್ಲ. ಮುಂದಿನ ವರ್ಷಗಳ ವರದಿಗಳಲ್ಲಿ ನಾನು ಮೊದಲು ಹುಡುಕುವುದು ಒಂದನೆಯದು ಟೊಂಗಾಕ್ಕೂ ಎರಡನೆಯದು ಸಮೋವಾಕ್ಕೂ ದಾಟಿದೆಯೇ ಎಂಬುದನ್ನು, ದಾಟಿದ್ದರೆ 2025ರಲ್ಲಿ ಜ್ವರ ಬಂದು ಉಳಿದುಕೊಂಡ ಮಕ್ಕಳ ಹೆಸರು ಅಲ್ಲಿನ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಿಗುವಂತಿದೆಯೇ ಎಂಬುದನ್ನು.